ರಾಜಾಜಿನಗರಕ್ಕೆ ತಡವಾಗಿ ಬಂದ ಅರ್ಜುನ

ಸ್ಟಾರ್ ಪ್ಲಸ್ ವಾಹಿನಿಯ ‘ಮಹಾಭಾರತ’ ಹಿಂದಿಯಲ್ಲಿ ಶುರುವಾದದ್ದು 2013ರ ಸೆಪ್ಟೆಂಬರಿನಲ್ಲಿ. ಮರುವರ್ಷದ ಮಾರ್ಚ್ ಹೊತ್ತಿಗೆ ಅದು ಇಂಡೋನೇಷ್ಯಾದ ಎಎನ್‌ಟಿವಿಯಲ್ಲಿ ಅಲ್ಲಿನ ಭಾಷೆಯಲ್ಲೇ ಮಾತಾಡುತ್ತಿತ್ತು. ಅರ್ಜುನನಾಗಿದ್ದ ಶಾಹೀರ್ ಶೇಖ್ ಆ ದೇಶದಲ್ಲಿ ಮನೆಮಾತಾದರು; ಪಾತ್ರಧಾರಿಗಳನ್ನು ಜಕಾರ್ತಾಕ್ಕೆ ಕರೆಸಿ ವೇದಿಕೆ ಹತ್ತಿಸಲಾಯಿತು; ಶೇಖ್ ಮುಂದೆ ಅಲ್ಲಿನ ಧಾರಾವಾಹಿ, ಸಿನಿಮಾಗಳಲ್ಲೂ ನಾಯಕನ ಪಾತ್ರ ಮಾಡಿದರು. ಜಾವಾದ ಜನರಿಗೆ ಪಾಂಡವರು ಹೊಸಬರಲ್ಲ, ವಯಾಂಗ್ ಎಂಬ ಅವರ ತೊಗಲುಗೊಂಬೆಯಾಟದಲ್ಲಿ ಶತಮಾನಗಳಿಂದ ಇರುವವರು. ಆದರೆ ಪಾಂಡವರ ಮೇಲೆ ಹಕ್ಕು ಸಾಧಿಸುವ ಮಾತು ಬಂದರೆ ಕನ್ನಡದವರೇನೂ ಹಿಂದೆ ಬೀಳುವವರಲ್ಲ. ಪಂಪ ಅರ್ಜುನನಲ್ಲೇ ತನ್ನ ದೊರೆಯನ್ನು ಕಂಡ, ಗದುಗಿನ ನಾರಣಪ್ಪ ಊರೂರಿನ ಗಮಕಿಗಳ ಬಾಯಲ್ಲಿ ಇಂದಿಗೂ ಇದ್ದಾನೆ, ಯಕ್ಷಗಾನದ ರಂಗಸ್ಥಳದಲ್ಲಿ ಕರ್ಣನಿಲ್ಲದ ತಿರುಗಾಟವಿಲ್ಲ. ಹೀಗಿದ್ದೂ ಅದೇ ಧಾರಾವಾಹಿಯ ಅರ್ಜುನ ಕನ್ನಡ ಮಾತಾಡುತ್ತ ರಾಜಾಜಿನಗರದ, ವಿಜಯನಗರದ, ಕೆಂಗೇರಿಯ ಮನೆಗಳಿಗೆ ಬಂದದ್ದು 2020ರ ಮೇ ತಿಂಗಳಲ್ಲಿ, ಸ್ಟಾರ್ ಸುವರ್ಣದಲ್ಲಿ. ಅದೂ ಕೊರೊನಾ ಲಾಕ್‌ಡೌನ್‌ನಿಂದ ಧಾರಾವಾಹಿಗಳ ಚಿತ್ರೀಕರಣ ನಿಂತು, ವಾಹಿನಿಗಳ ಬಳಿ ತೋರಿಸಲು ಹೊಸ ಕಂತುಗಳೇ ಉಳಿಯದಿದ್ದ ಕಾರಣಕ್ಕೆ. ಸಮುದ್ರ ದಾಟಿ ಜಾವಾ ಸೇರಲು ಆರು ತಿಂಗಳು ಸಾಕಾಗಿದ್ದ ಕಥೆಗೆ ಮಾಗಡಿ ರಸ್ತೆ ತಲುಪಲು ಆರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಈ ತಡಕ್ಕೆ ಕಾರಣ ಎಲ್ಲರಿಗೂ ಗೊತ್ತಿರುವುದೇ: ಕನ್ನಡದಲ್ಲಿ ಡಬ್ಬಿಂಗ್ ಇರಲಿಲ್ಲ. ಡಬ್ಬಿಂಗ್ ಸರಿಯೋ ತಪ್ಪೋ ಎಂಬ ಜಗಳ ಹಳೆಯದಾಯಿತು, ಅದನ್ನು ಮತ್ತೆ ಕೆದಕುವ ಆಸೆ ನನಗಿಲ್ಲ. ನನ್ನ ಕುತೂಹಲವಿರುವುದು ಆ ಆರು ವರ್ಷಗಳ ಬಗ್ಗೆ. ಆ ಅವಧಿಯಲ್ಲಿ ಇಲ್ಲಿನ ಜನ ಆ ಧಾರಾವಾಹಿಯನ್ನು ನೋಡಲೇ ಇಲ್ಲವೇ? ಧಾರಾಳವಾಗಿ ನೋಡಿದರು. ಹಿಂದಿಯಲ್ಲಿ ನೋಡಿದರು, ತಮಿಳು ಬಲ್ಲವರು ವಿಜಯ್ ಟಿವಿಯಲ್ಲಿ ನೋಡಿದರು, ಮಕ್ಕಳು ಮೊಬೈಲಿನಲ್ಲಿ ತುಣುಕು ತುಣುಕಾಗಿ ನೋಡಿದರು. ಡಬ್ಬಿಂಗ್ ನಿಷೇಧ ಹೊರಗಿನ ಕಥೆಗಳನ್ನು ತಡೆಯಲಿಲ್ಲ; ಆ ಕಥೆಗಳೊಳಗೆ ಕನ್ನಡದ ದನಿ ಸೇರುವುದನ್ನಷ್ಟೇ ತಡೆಯಿತು. ಇದರ ಫಲ ಇಂದು ಆನ್‌ಲೈನ್ ವಿಡಿಯೊದ ಕಾಲದಲ್ಲಿ ಬೇರೆಯದೇ ರೂಪದಲ್ಲಿ ಎದುರಾಗಿದೆ. ಯಾವ ಭಾಷೆಯಲ್ಲಿ ಏನು ತಯಾರಾಗಬೇಕೆಂದು ತೀರ್ಮಾನಿಸುವವರು ನೋಡುಗರ ಅಂಕಿಅಂಶ ಎದುರಿಟ್ಟುಕೊಂಡು ಕುಳಿತಿದ್ದಾರೆ. ಆ ಅಂಕಿಅಂಶದಲ್ಲಿ ಕನ್ನಡಿಗ ಎಲ್ಲೆಲ್ಲೂ ಕಾಣುತ್ತಾನೆ, ಕನ್ನಡ ಮಾತ್ರ ಕಾಣುವುದಿಲ್ಲ. ಒಂದು ಭಾಷೆಯ ಬೇಡಿಕೆಯೇ ಕಣ್ಣಿಗೆ ಬೀಳದಂತೆ ಮಾಡಿದ್ದು ಆ ನಿಷೇಧದ ನಿಜವಾದ ನಷ್ಟವೆಂಬುದು ನನ್ನ ವಾದ. ಇಂಡೋನೇಷ್ಯಾದ ಮನರಂಜನೆಯ ಕಥೆ ಇದನ್ನು ಅರ್ಥಮಾಡಿಕೊಳ್ಳಲು ನೆರವಾಗುತ್ತದೆ, ಆದರೆ ನಾವು ಅಂದುಕೊಳ್ಳುವ ಹಾಗಲ್ಲ.

ಮೊದಲು ನಿಷೇಧದ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡಬೇಕು. 1960ರ ದಶಕದಲ್ಲಿ ಅ.ನ. ಕೃಷ್ಣರಾಯರು, ಮ. ರಾಮಮೂರ್ತಿ, ರಾಜ್‌ಕುಮಾರ್ ಮೊದಲಾದವರು ಡಬ್ಬಿಂಗ್ ವಿರುದ್ಧ ನಿಂತಾಗ ಕನ್ನಡ ಚಿತ್ರರಂಗಕ್ಕೆ ಸ್ವಂತ ನೆಲೆಯೇ ಇರಲಿಲ್ಲ. ಚಿತ್ರೀಕರಣಕ್ಕೆ ಮದರಾಸಿಗೆ ಹೋಗಬೇಕು, ವರ್ಷಕ್ಕೆ ತಯಾರಾಗುವ ಚಿತ್ರಗಳು ಕೆಲವೇ ಕೆಲವು, ಹಾಡುವವರಿಗೂ ಬರೆಯುವವರಿಗೂ ಬಣ್ಣ ಹಚ್ಚುವವರಿಗೂ ಕೆಲಸವಿಲ್ಲ. ತೆಲುಗು, ತಮಿಳಿನ ದೊಡ್ಡ ಚಿತ್ರಗಳು ಅಗ್ಗದಲ್ಲಿ ಕನ್ನಡವಾಗಿ ಬಂದುಬಿಟ್ಟರೆ ಕನ್ನಡದಲ್ಲೇ ಚಿತ್ರ ಮಾಡುವವರು ಯಾರು? ಆ ಭಯ ಸಾಧಾರಣದ್ದಾಗಿರಲಿಲ್ಲ. 1966ರಲ್ಲಿ ಕಂಠೀರವ ಸ್ಟುಡಿಯೋ ಬಂತು, ಸರ್ಕಾರದ ಸಹಾಯಧನ ಬಂತು, 1972ರಲ್ಲಿ ‘ಬಂಗಾರದ ಮನುಷ್ಯ’ ಬರುವಷ್ಟರಲ್ಲಿ ಕನ್ನಡ ಸಿನಿಮಾಕ್ಕೆ ತನ್ನದೇ ಪ್ರೇಕ್ಷಕ, ತನ್ನದೇ ತಾರೆ, ತನ್ನದೇ ಗತ್ತು ಬಂದಿತ್ತು. ರಾಜಾಜಿನಗರದ ನವರಂಗ್ ಮುಂದೆ ಹಾದುಹೋಗುವ ರಸ್ತೆಗೆ ಡಾ. ರಾಜ್‌ಕುಮಾರ್ ಹೆಸರಿರುವುದು, ಅವರ ಸಮಾಧಿ ಅದೇ ಕಂಠೀರವ ಸ್ಟುಡಿಯೋ ಆವರಣದಲ್ಲಿರುವುದು, ಅಲ್ಲೇ ಪುನೀತ್ ಸಮಾಧಿಗೂ ಜನ ಸಾಲುಗಟ್ಟಿ ಬರುವುದು, ಇವೆಲ್ಲ ಆ ತಲೆಮಾರು ಗಳಿಸಿದ್ದರ ಗುರುತುಗಳು. ಎಳೆಯ ಉದ್ಯಮಕ್ಕೆ ಬೇಲಿ ಬೇಕಿತ್ತು ಎಂಬುದನ್ನು ನಾನು ಒಪ್ಪುತ್ತೇನೆ.

ಒಪ್ಪದೇ ಇರುವುದು ಬೇಲಿ ಐವತ್ತು ವರ್ಷ ಉಳಿದದ್ದನ್ನು, ಮತ್ತು ಅದಕ್ಕೊಂದು ಕಾನೂನೂ ಇಲ್ಲದೆ ಬರೀ ಉದ್ಯಮದ ಕಟ್ಟುಪಾಡಾಗಿ ಉಳಿದದ್ದನ್ನು. ಬರೆದಿಟ್ಟ ಕಾನೂನನ್ನು ಶಾಸನಸಭೆಯಲ್ಲಿ ಪ್ರಶ್ನಿಸಬಹುದು, ತಿದ್ದಬಹುದು. ಬರೆಯದ ಕಟ್ಟುಪಾಡನ್ನು ಪ್ರಶ್ನಿಸಿದವನು ಕನ್ನಡದ್ರೋಹಿಯಾಗುತ್ತಾನೆ. 2012ರಲ್ಲಿ ಆಮಿರ್ ಖಾನ್ ಅವರ ‘ಸತ್ಯಮೇವ ಜಯತೆ’ ತಮಿಳು, ತೆಲುಗು, ಮಲಯಾಳಂ, ಮರಾಠಿ, ಬಂಗಾಳಿಗಳಲ್ಲಿ ಪ್ರಸಾರವಾಯಿತು, ಕನ್ನಡದ ಟಿವಿಯಲ್ಲಿ ಆಗಲಿಲ್ಲ. ಹೆಣ್ಣುಭ್ರೂಣ ಹತ್ಯೆಯ ಬಗ್ಗೆ ಕನ್ನಡದಲ್ಲಿ ಒಂದು ಗಂಟೆ ಮಾತು ಕೇಳಿದ್ದರೆ ಯಾವ ಕಲಾವಿದನ ಅನ್ನಕ್ಕೆ ಕಲ್ಲು ಬೀಳುತ್ತಿತ್ತು ಎಂದು ಯಾರೂ ವಿವರಿಸಲಿಲ್ಲ. ಇದೇ ಕಾಲದಲ್ಲಿ ಹೊರಗಿನ ಕಾರ್ಯಕ್ರಮಗಳ ನಕಲುಹಕ್ಕು ಕೊಂಡು ಮಾಡಿದ ‘ಕನ್ನಡದ ಕೋಟ್ಯಧಿಪತಿ’, ‘ಬಿಗ್ ಬಾಸ್’ ಕನ್ನಡದ್ದೇ ಎನಿಸಿಕೊಂಡವು. ಮರಾಠಿಯ ಧಾರಾವಾಹಿಯನ್ನು ಇಲ್ಲಿನ ನಟರನ್ನಿಟ್ಟು ಮತ್ತೆ ಚಿತ್ರೀಕರಿಸಿದ ‘ಜೊತೆ ಜೊತೆಯಲಿ’ ಮನೆಮನೆಯ ಮಾತಾಯಿತು. ರೀಮೇಕ್ ಕನ್ನಡತನಕ್ಕೆ ಧಕ್ಕೆಯಲ್ಲ, ಡಬ್ಬಿಂಗ್ ಮಾತ್ರ ಧಕ್ಕೆ ಎಂಬ ತರ್ಕದಲ್ಲಿ ಭಾಷೆಗಿಂತ ಉದ್ಯೋಗದ ಲೆಕ್ಕವೇ ದೊಡ್ಡದಿತ್ತು. ಉದ್ಯೋಗದ ಲೆಕ್ಕ ಕೀಳಲ್ಲ, ಆದರೆ ಅದನ್ನು ಆ ಹೆಸರಿನಿಂದಲೇ ಕರೆಯಬೇಕು.

ಈ ಐವತ್ತು ವರ್ಷದಲ್ಲಿ ನೋಡುಗ ಕಲಿತದ್ದೇನು? ಪಶ್ಚಿಮ ಬೆಂಗಳೂರು ಇದನ್ನು ಗಮನಿಸಲು ಒಳ್ಳೆಯ ಜಾಗ, ಯಾಕೆಂದರೆ ನಗರದ ಬೇರೆ ದಿಕ್ಕುಗಳಿಗೆ ಹೋಲಿಸಿದರೆ ಕನ್ನಡ ಗಟ್ಟಿಯಾಗಿ ಕೇಳಿಸುವ ಸೀಮೆ ಇದು. ಮಂಡ್ಯ, ತುಮಕೂರು, ಹಾಸನ, ಮಾಗಡಿ ಕಡೆಗಳಿಂದ ಬಂದ ಕುಟುಂಬಗಳು ವಿಜಯನಗರ, ಬಸವೇಶ್ವರನಗರಗಳನ್ನು ತುಂಬಿವೆ. ಅಂಥವರ ಮನೆಯಲ್ಲೂ ತೆಲುಗು ಚಿತ್ರಕ್ಕೆ, ತಮಿಳು ಹಾಡಿಗೆ, ಹಿಂದಿ ಸರಣಿಗೆ ಅನುವಾದ ಬೇಕಾಗುವುದಿಲ್ಲ. ಪಕ್ಕದ ಶ್ರೀರಾಮಪುರ, ಓಕಳಿಪುರಗಳ ತಮಿಳು ನೆರೆಹೊರೆ ಅದಕ್ಕೆ ಇನ್ನಷ್ಟು ಇಂಬು ಕೊಟ್ಟಿದೆ. ಬಹುಭಾಷಾ ತಿಳಿವಳಿಕೆ ಸಂಪತ್ತೇ ಹೊರತು ಕೊರತೆಯಲ್ಲ. ಬೆಂಗಳೂರಿನ ಗುಣವೇ ಅದು. 2011ರ ಜನಗಣತಿಯಲ್ಲೇ ಬೆಂಗಳೂರು ಜಿಲ್ಲೆಯಲ್ಲಿ ಕನ್ನಡ ಮಾತೃಭಾಷೆಯವರು ಅರ್ಧಕ್ಕಿಂತ ಕಡಿಮೆ ಇದ್ದರು. ಆದರೆ ಆ ತಿಳಿವಳಿಕೆಯ ಒಂದು ಭಾಗ ನೆರೆಹೊರೆಯಿಂದ ಬಂದದ್ದಾದರೆ ಇನ್ನೊಂದು ಭಾಗ ಅನಿವಾರ್ಯದಿಂದ ಬಂದದ್ದು. ಕನ್ನಡದಲ್ಲಿ ಸಿಗದ್ದನ್ನು ಬೇರೆ ಭಾಷೆಯಲ್ಲಿ ನೋಡಿ ನೋಡಿ, ಬೇರೆ ಭಾಷೆಯಲ್ಲಿ ನೋಡುವುದೇ ರೂಢಿಯಾಯಿತು. ಮನರಂಜನೆಯ ದೊಡ್ಡ ಭಾಗ, ಕಾರ್ಟೂನ್, ವಿಜ್ಞಾನದ ಕಾರ್ಯಕ್ರಮ, ಯುದ್ಧದ ಚಿತ್ರ ಎಲ್ಲವೂ ಕನ್ನಡೇತರ ಎಂದು ಮನಸ್ಸು ಒಪ್ಪಿಕೊಂಡುಬಿಟ್ಟಿತು. ಮುಂದೆ ಬೇಲಿ ತೆಗೆದಾಗಲೂ ಆ ರೂಢಿ ಹೋಗಲಿಲ್ಲ.

ಬೇಲಿ ತೆಗೆದದ್ದೂ ಸರಾಗವಾಗಿ ಆಗಲಿಲ್ಲ. 2014ರ ಜನವರಿಯಲ್ಲಿ ಚಿತ್ರರಂಗವೇ ಡಬ್ಬಿಂಗ್ ವಿರುದ್ಧ ಬೀದಿಗಿಳಿಯಿತು. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಮತ್ತಿತರ ಸಂಘಟನೆಗಳಿಗೆ ದಂಡ ಹಾಕಿತು. 2017ರ ಮಾರ್ಚ್‌ನಲ್ಲಿ ಅಜಿತ್ ನಟನೆಯ ತಮಿಳು ಚಿತ್ರ ‘ಸತ್ಯದೇವ್ ಐಪಿಎಸ್’ ಆಗಿ ಬಂದಾಗ ಪ್ರತಿಭಟನೆಯ ನಡುವೆಯೇ ತೆರೆಕಂಡಿತು. ನಾಲ್ಕು ವರ್ಷ ಕಳೆದು 2021ರ ಡಿಸೆಂಬರಿನಲ್ಲಿ ‘ಪುಷ್ಪ’ ಬಂತು. ಈಗ ಕನ್ನಡ ಹೋರಾಟಗಾರರ ದೂರು ಉಲ್ಟಾ ಆಗಿತ್ತು: ಬೆಂಗಳೂರಿನಲ್ಲಿ ತೆಲುಗು ಆವೃತ್ತಿಗೆ ನೂರಾರು ಪ್ರದರ್ಶನ, ಕನ್ನಡಕ್ಕೆ ಡಬ್ ಆದದ್ದಕ್ಕೆ ಬೆರಳೆಣಿಕೆ, ಇದು ಅನ್ಯಾಯ, ಚಿತ್ರವನ್ನು ಬಹಿಷ್ಕರಿಸಿ! 2022ರಲ್ಲಿ ‘ಆರ್‌ಆರ್‌ಆರ್’ ಬಂದಾಗಲೂ ಅದೇ ಕೂಗು. ಅರ್ಧ ಶತಮಾನ ಡಬ್ಬಿಂಗ್ ಬೇಡ ಎಂದ ಭಾಷಾಭಿಮಾನವೇ ಈಗ ಡಬ್ ಮಾಡಿದ್ದನ್ನು ತೋರಿಸಿ ಎನ್ನುತ್ತಿತ್ತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಇದೆ. ಇಲ್ಲಿ ಆದದ್ದು ಅದಕ್ಕೂ ವಿಚಿತ್ರ: ಬಾಗಿಲು ತೆರೆದರು, ಆದರೆ ಒಳಬರಬೇಕಾದವರು ಅಷ್ಟರಲ್ಲಿ ಪಕ್ಕದ ಬಾಗಿಲಿನಿಂದ ಓಡಾಡುವುದನ್ನು ರೂಢಿ ಮಾಡಿಕೊಂಡಿದ್ದರು. ಚಿತ್ರಮಂದಿರದವರನ್ನು ದೂರಿ ಏನು ಫಲ? ತೆಲುಗಿನಲ್ಲೇ ನೋಡುವ ಪ್ರೇಕ್ಷಕ ಇರುವಾಗ ಅವರು ಕನ್ನಡದ ಪ್ರದರ್ಶನ ಯಾಕೆ ಇಡುತ್ತಾರೆ?

ಒಟಿಟಿಗಳ ಲೆಕ್ಕವೂ ಇದೇ, ಇನ್ನಷ್ಟು ನಿರ್ದಾಕ್ಷಿಣ್ಯವಾಗಿ. 2020ರ ಜುಲೈನಲ್ಲಿ ಪುನೀತ್ ಅವರ ಪಿಆರ್‌ಕೆ ಸಂಸ್ಥೆಯ ‘ಲಾ’, ‘ಫ್ರೆಂಚ್ ಬಿರಿಯಾನಿ’ ನೇರವಾಗಿ ಅಮೆಜಾನ್ ಪ್ರೈಮ್‌ಗೆ ಬಂದಾಗ ಕನ್ನಡಕ್ಕೂ ಆನ್‌ಲೈನ್ ಬಾಗಿಲು ತೆರೆಯಿತೆಂದು ಸಂಭ್ರಮಿಸಿದವರು ಬಹಳ. ಆಮೇಲೆ ಏನಾಯಿತು? ಕರಾವಳಿಯ ಏಳು ಕಥೆಗಳ ಸರಣಿ ‘ಏಕಂ’ ಅನ್ನು ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆ ಮಾಡಿ ಮುಗಿಸಿ ವೇದಿಕೆಗಳ ಬಾಗಿಲು ತಟ್ಟಿತು. ಯಾರೂ ಕೊಳ್ಳದೆ 2024ರ ಜುಲೈನಲ್ಲಿ ತಮ್ಮದೇ ಜಾಲತಾಣದಲ್ಲಿ ಹಣ ಕೊಟ್ಟು ನೋಡಿ ಎಂದು ಬಿಡುಗಡೆ ಮಾಡಬೇಕಾಯಿತು. ‘ಕೆಜಿಎಫ್’, ‘ಕಾಂತಾರ’ಗಳ ನಂತರವೂ, ದೇಶವೆಲ್ಲ ಕನ್ನಡ ಚಿತ್ರರಂಗದ ಹೆಸರು ಹೇಳಿದ ಮೇಲೂ ಈ ಸ್ಥಿತಿ. ಜೀ5ನಲ್ಲಿ 2025ರಲ್ಲಿ ‘ಅಯ್ಯನ ಮನೆ’, ‘ಮಾರಿಗಲ್ಲು’ ತರಹದ ಮೂಲ ಸರಣಿಗಳು ಬಂದವು, ಬಾಗಿಲು ಪೂರ್ತಿ ಮುಚ್ಚಿಲ್ಲ ಎನ್ನಿ. ಆದರೂ ದೊಡ್ಡ ಜಾಗತಿಕ ವೇದಿಕೆಗಳ ಪಟ್ಟಿಯಲ್ಲಿ ಕನ್ನಡ ಮೂಲ ಸರಣಿಗಳನ್ನು ಹುಡುಕಿ ನೋಡಿ. ಕನ್ನಡ ನೋಡುಗ ಹೇಗೂ ಹಿಂದಿ, ತೆಲುಗು, ಇಂಗ್ಲಿಷ್ ನೋಡಿಕೊಂಡು ಚಂದಾ ಕಟ್ಟುತ್ತಿರುವಾಗ ಅವನಿಗಾಗಿ ಬೇರೆ ಖರ್ಚು ಯಾಕೆ? ಅವರ ಜಾಗದಲ್ಲಿ ಕೂತ ಯಾವ ವ್ಯಾಪಾರಿಯೂ ಹೀಗೇ ಯೋಚಿಸುತ್ತಾನೆ.

ಇಂಡೋನೇಷ್ಯಾದಲ್ಲಿ ಆ ಪ್ರಶ್ನೆ ಏಳುವುದಿಲ್ಲ. ಅಲ್ಲಿನ ಸಾಮಾನ್ಯ ನೋಡುಗ ಇಂಗ್ಲಿಷಿನಲ್ಲೋ ಕೊರಿಯನ್ನಿನಲ್ಲೋ ಸುಮ್ಮನೆ ನೋಡಿಬಿಡುವುದಿಲ್ಲ, ಆದ್ದರಿಂದ ಅವನ ಹಣ ಬೇಕೆನ್ನುವವರು ಅವನ ಭಾಷೆಗೆ ಬರಲೇಬೇಕು. ನೆಟ್‌ಫ್ಲಿಕ್ಸ್ 2023ರಲ್ಲಿ ‘ಗಾದಿಸ್ ಕ್ರೆತೆಕ್’ ಎಂಬ ಸರಣಿಯನ್ನು ಜಾವಾದ ಲವಂಗದ ಸಿಗರೇಟು ಉದ್ಯಮದ ಹಿನ್ನೆಲೆಯಲ್ಲಿ ಕಟ್ಟಿತು. ವಿದಿಯೊ ಎಂಬ ಅಲ್ಲಿನದೇ ಒಟಿಟಿ ಸ್ಥಳೀಯ ಧಾರಾವಾಹಿ, ಫುಟ್ಬಾಲ್ ಇಟ್ಟುಕೊಂಡು ದೈತ್ಯರ ಎದುರು ನಿಂತಿದೆ. ಆನ್‌ಲೈನ್‌ನಲ್ಲಿ ಹುಟ್ಟಿದ್ದು ಚಿತ್ರಮಂದಿರಕ್ಕೆ ಹೋಗುವ ದಾರಿಯೂ ಅಲ್ಲಿ ಗಟ್ಟಿಯಾಗಿದೆ. 2019ರಲ್ಲಿ ಟ್ವಿಟರ್‌ನಲ್ಲಿ ಅನಾಮಿಕನೊಬ್ಬ ಕಂತುಗಳಲ್ಲಿ ಬರೆದ ದೆವ್ವದ ಕಥೆ ಊರೆಲ್ಲ ಹಬ್ಬಿ 2022ರಲ್ಲಿ ‘ಕೆಕೆಎನ್ ಡಿ ದೇಸಾ ಪೆನಾರಿ’ ಎಂಬ ಚಿತ್ರವಾಯಿತು, ಸುಮಾರು ಒಂದು ಕೋಟಿ ಟಿಕೆಟ್ ಮಾರಿತು. (ಅದನ್ನು ನಿರ್ಮಿಸಿದ ಎಂಡಿ ಸಂಸ್ಥೆ ಭಾರತೀಯ ಮೂಲದ ಮನೋಜ್ ಪಂಜಾಬಿಯವರದು. ಅಲ್ಲಿ ಸಿನೆತ್ರೋನ್ ಎನ್ನುವ ದಿನದಿನದ ಧಾರಾವಾಹಿಯ ಉದ್ಯಮ ಬೆಳೆದದ್ದರಲ್ಲಿ ಇಂಥ ಸಿಂಧಿ ಕುಟುಂಬಗಳ ಪಾತ್ರ ದೊಡ್ಡದು. ಹಿಂದಿ ಸಿನಿಮಾ ಹಾಡಿನ ತಾಳವನ್ನು ಒಳಗೆ ತೆಗೆದುಕೊಂಡು ಬೆಳೆದ ದಾಂಗ್ದುತ್ ಸಂಗೀತವೂ ಅವರ ಜನಪ್ರಿಯ ಸಂಗೀತದ ಬೆನ್ನೆಲುಬು. ಹೊರಗಿನದನ್ನು ಅರಗಿಸಿಕೊಳ್ಳುವ ಅವರ ಜಠರ ದೊಡ್ಡದು.) 2025ರಲ್ಲಿ ‘ಜಂಬೋ’ ಎಂಬ ಆನಿಮೇಷನ್ ಚಿತ್ರ ಆ ದೆವ್ವದ ಚಿತ್ರದ ಟಿಕೆಟ್ ದಾಖಲೆಯನ್ನೂ ದಾಟಿತು. ಇತ್ತೀಚಿನ ವರ್ಷಗಳಲ್ಲಿ ಅಲ್ಲಿ ಮಾರಾಟವಾಗುವ ಸಿನಿಮಾ ಟಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸ್ವದೇಶಿ ಚಿತ್ರಗಳದ್ದು.

ಇಲ್ಲಿ ಬಲ್ಲವರು ನನ್ನನ್ನು ತಡೆದು ಕೇಳಬಹುದು: ಇಂಡೋನೇಷ್ಯಾದಲ್ಲೂ ಡಬ್ಬಿಂಗ್ ನಿಷೇಧ ಇದೆಯಲ್ಲ? ಇದೆ. 2009ರ ಅಲ್ಲಿನ ಚಲನಚಿತ್ರ ಕಾಯ್ದೆ ಆಮದು ಚಿತ್ರಗಳನ್ನು, ಶಿಕ್ಷಣ, ಸಂಶೋಧನೆಗಳಿಗೆ ಬಿಟ್ಟರೆ, ಇಂಡೋನೇಷ್ಯಾ ಭಾಷೆಗೆ ಡಬ್ ಮಾಡುವಂತಿಲ್ಲ ಎನ್ನುತ್ತದೆ. ಪ್ರದರ್ಶನ ಸಮಯದ ನೂರಕ್ಕೆ ಅರವತ್ತು ಪಾಲು ಸ್ವದೇಶಿ ಚಿತ್ರಗಳಿಗೆ ಇರಬೇಕೆಂದೂ ಹೇಳುತ್ತದೆ. ಹಾಗಾದರೆ ಅವರ ಏಳಿಗೆಗೆ ಗೋಡೆಯೇ ಕಾರಣವಲ್ಲವೇ? ಕಾಲಕ್ರಮ ನೋಡಿದರೆ ಹಾಗೆನ್ನಲು ಬರುವುದಿಲ್ಲ. 1990ರ ದಶಕದ ಕೊನೆಗೆ ಅಲ್ಲಿ ವರ್ಷಕ್ಕೆ ಬೆರಳೆಣಿಕೆಯ ಚಿತ್ರಗಳು ತಯಾರಾಗುವ ಮಟ್ಟಕ್ಕೆ ಉದ್ಯಮ ನೆಲಕಚ್ಚಿತ್ತು. ಅದನ್ನು ಮೇಲೆತ್ತಿದ್ದು 2000ದ ‘ಪೆತುವಾಲಾಂಗನ್ ಶೆರಿನಾ’, 2002ರ ‘ಅದಾ ಅಪಾ ದೆಂಗನ್ ಚಿಂತಾ?’ ಚಿತ್ರಗಳು, ಒಂದು ಮಕ್ಕಳ ಸಂಗೀತ ಚಿತ್ರ, ಇನ್ನೊಂದು ಹರೆಯದವರ ಪ್ರೇಮಕಥೆ, ಎರಡೂ ಕಾಯ್ದೆಗಿಂತ ಮೊದಲಿನವು. ದೊಡ್ಡ ನೆಗೆತ ಬಂದದ್ದು 2016ರಲ್ಲಿ ಚಿತ್ರಮಂದಿರ ಉದ್ಯಮವನ್ನು ವಿದೇಶಿ ಬಂಡವಾಳಕ್ಕೆ ತೆರೆದು ಪರದೆಗಳ ಸಂಖ್ಯೆ ಏರಿದ ನಂತರ. ಇನ್ನೂ ಮುಖ್ಯ ಸಂಗತಿಯೆಂದರೆ ಆ ನಿಷೇಧ ಸಿನಿಮಾಕ್ಕೆ ಮಾತ್ರ. ಟಿವಿಯಲ್ಲಿ ಹಿಂದಿ ಧಾರಾವಾಹಿಗಳು ಇಂಡೋನೇಷ್ಯಾ ಭಾಷೆಯಲ್ಲೇ ಮಾತಾಡಿದವು, ಅದರಿಂದ ಅಲ್ಲಿನ ಧಾರಾವಾಹಿ ಉದ್ಯಮ ಸಾಯಲಿಲ್ಲ. ನಮ್ಮಲ್ಲೂ ಸಾಯಲಿಲ್ಲವಲ್ಲ: 2020ರಿಂದ ಡಬ್ ಧಾರಾವಾಹಿ ಬಂದರೂ ಸಂಜೆಯ ಮುಖ್ಯ ಹೊತ್ತು ಇಂದಿಗೂ ಇಲ್ಲೇ ಚಿತ್ರೀಕರಿಸಿದವುಗಳದ್ದೇ. ಡಬ್ ಆದ ‘ಮಹಾನಾಯಕ’ ಮಾಡಿದ ಕೆಲಸವನ್ನಂತೂ ಯಾರೂ ಊಹಿಸಿರಲಿಲ್ಲ. ಜೀ ಕನ್ನಡದಲ್ಲಿ 2020ರ ಜುಲೈನಿಂದ ಪ್ರಸಾರವಾದ ಅಂಬೇಡ್ಕರ್ ಜೀವನದ ಆ ಧಾರಾವಾಹಿಗೆ ಊರೂರಲ್ಲಿ ಜನ ಫ್ಲೆಕ್ಸ್ ಕಟ್ಟಿ ಸ್ವಾಗತಿಸಿದರು. ಧಾರಾವಾಹಿಯೊಂದಕ್ಕೆ ಕಟೌಟ್ ನಿಲ್ಲಿಸಿದ ಜನ ಅದು ಮೂಲದಲ್ಲಿ ಹಿಂದಿಯದೆಂದು ತಲೆಕೆಡಿಸಿಕೊಂಡಿರಲಿಲ್ಲ. ಅವರಿಗಾಗಿ, ಅವರ ಮಾತಿನಲ್ಲಿ ಒಂದು ಕಥೆ ಬಂದಿತ್ತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು, ಅದಕ್ಕೆ ಉತ್ತರ ಹುಡುಕುವಾಗಲೇ ಈ ಹೋಲಿಕೆ ನಿಜವಾಗಿ ಉಪಯೋಗಕ್ಕೆ ಬರುವುದು. ಬಹಾಸಾ ಇಂಡೋನೇಷ್ಯಾ ಒಂದು ದೇಶದ ಅಧಿಕೃತ ಭಾಷೆ. ಶಾಲೆ, ಸೈನ್ಯ, ಸರ್ಕಾರ, ಟಿವಿ ಎಲ್ಲ ಅದರ ಬೆನ್ನಿಗಿವೆ. 28 ಕೋಟಿ ಜನರ ಮಾರುಕಟ್ಟೆ ಅದರದು. ಆ ಭಾಷೆಯನ್ನು ಹಿಂದಿಯ ಜೊತೆ ಹೋಲಿಸಬೇಕೇ ಹೊರತು ಕನ್ನಡದ ಜೊತೆಗಲ್ಲ. ಸರಿ, ಒಪ್ಪೋಣ. 2010ರ ಅಲ್ಲಿನ ಜನಗಣತಿಯಲ್ಲಿ ಮನೆಯಲ್ಲಿ ಇಂಡೋನೇಷ್ಯಾ ಭಾಷೆಯನ್ನೇ ಆಡುವವರು ಐವರಲ್ಲಿ ಒಬ್ಬರ ಆಸುಪಾಸಷ್ಟೇ ಇದ್ದರು. ಉಳಿದವರದು ಜಾವನೀಸ್, ಸುಂದನೀಸ್, ಮದುರಾದ ಭಾಷೆ, ಇಂಥವು ನೂರಾರು. ಕನ್ನಡಕ್ಕೆ ಹೋಲಿಸಬೇಕಾದ್ದು ಜಾವನೀಸ್ ಅನ್ನು. ಅದನ್ನಾಡುವವರು ಏಳು ಕೋಟಿಯ ಸುತ್ತಮುತ್ತ, 2011ರಲ್ಲಿ 4.37 ಕೋಟಿ ಎಂದು ಲೆಕ್ಕಕ್ಕೆ ಸಿಕ್ಕ ಕನ್ನಡಿಗರಿಗಿಂತ ಬಹಳ ಹೆಚ್ಚು. ಅದಕ್ಕೂ ಹಳೆಯ ಸಾಹಿತ್ಯವಿದೆ, ಸ್ವಂತ ಲಿಪಿಯಿತ್ತು, ರಾಜಾಸ್ಥಾನವಿತ್ತು. ಆದರೆ ಜಕಾರ್ತಾದ ಟಿವಿ ಧಾರಾವಾಹಿಗಳಲ್ಲಿ ಜಾವಾದ ಉಚ್ಚಾರಣೆ ಕೇಳಿಸುತ್ತಿದ್ದುದು ಬಹುಮಟ್ಟಿಗೆ ಮನೆಗೆಲಸದವಳ, ಡ್ರೈವರನ ಬಾಯಲ್ಲಿ, ನಗಿಸುವುದಕ್ಕೆ. ಅದಕ್ಕೆ ಬೇಲಿ ಹಾಕಲು ಒಂದು ವಾಣಿಜ್ಯ ಮಂಡಳಿಯೂ ಇರಲಿಲ್ಲ, ಬೀದಿಗಿಳಿಯುವ ನಟಸಾರ್ವಭೌಮನೂ ಇರಲಿಲ್ಲ. ನಮ್ಮ ತರ್ಕದ ಪ್ರಕಾರ ಅದು ತೆರೆಯಿಂದ ಅಳಿದೇ ಹೋಗಬೇಕಿತ್ತು.

ಆದದ್ದೇ ಬೇರೆ. ಯೂಟ್ಯೂಬ್ ಬಂದ ಮೇಲೆ ಪೂರ್ವ ಜಾವಾದ ಮಲಾಂಗ್ ಊರಿನ ಬಾಯು ಸ್ಕಾಕ್ ಎಂಬ ಹುಡುಗ ತನ್ನೂರಿನ ಒರಟು ಜಾವನೀಸಿನಲ್ಲೇ ಹಾಸ್ಯದ ವಿಡಿಯೊ ಮಾಡಿ ಹೆಸರಾದ. ಆ ನೋಡುಗರ ಬಲದ ಮೇಲೆ 2018ರಲ್ಲಿ ‘ಯೊವಿಸ್ ಬೆನ್’ ಎಂಬ ಚಿತ್ರ ಮಾಡಿದ. ಮಾತೆಲ್ಲ ಹೆಚ್ಚುಕಡಿಮೆ ಜಾವನೀಸ್, ಕೆಳಗೆ ಇಂಡೋನೇಷ್ಯಾ ಭಾಷೆಯ ಸಬ್‌ಟೈಟಲ್. ರಾಷ್ಟ್ರಭಾಷೆ ಬಿಟ್ಟು ಇದೇನು ಎಂದು ಬೈದವರಿದ್ದರು, ಆದರೂ ಲಕ್ಷಾಂತರ ಜನ ನೋಡಿದರು, ಮುಂದಿನ ಭಾಗಗಳೂ ಬಂದವು. ಅವನದೇ ಜಾವನೀಸ್ ಚಿತ್ರ ‘ಸೆಕಾವನ್ ಲಿಮೊ’ 2024ರಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಿತು. ಹಾಡಿನ ಕಥೆ ಇನ್ನೂ ದೊಡ್ಡದು. ದಿದಿ ಕೆಂಪೊತ್ ದಶಕಗಳಿಂದ ಜಾವನೀಸಿನಲ್ಲಿ ವಿರಹದ ಹಾಡು ಹಾಡುತ್ತ ಬಂದಿದ್ದ ಗಾಯಕ. 2019ರಲ್ಲಿ ಅವರ ಹಾಡಿಗೆ ಕಣ್ಣೀರು ಹಾಕುವ ಹರೆಯದವರ ವಿಡಿಯೊಗಳು ಹರಿದಾಡಿ, ಇಪ್ಪತ್ತರ ಹುಡುಗರೇ ಅವರ ಕಚೇರಿಗಳನ್ನು ತುಂಬಿದರು. 2020ರ ಮೇನಲ್ಲಿ ಅವರು ತೀರಿಕೊಂಡಾಗ ದೇಶವೇ ಅತ್ತಿತು. ಅದೇ ಹೊತ್ತಿಗೆ ಡೆನ್ನಿ ಚಕ್ನನ್ ಎಂಬ ಯುವಕನ ಜಾವನೀಸ್ ಹಾಡು ಕೋಟಿಗಟ್ಟಲೆ ವೀಕ್ಷಣೆ ಕಂಡಿತು. 2022ರ ಆಗಸ್ಟ್ 17ರಂದು ಅಧ್ಯಕ್ಷರ ಅರಮನೆಯ ಸ್ವಾತಂತ್ರ್ಯೋತ್ಸವದಲ್ಲಿ ಹನ್ನೆರಡರ ಹುಡುಗ ಫಾರೆಲ್ ಪ್ರಯೋಗ ಜಾವನೀಸ್ ಹಾಡು ಹಾಡಿ ಮಂತ್ರಿಗಳನ್ನೆಲ್ಲ ಕುಣಿಸಿದ. ಸೈನಿಕ ಶಿಸ್ತಿನ ಆ ಸಮಾರಂಭದಲ್ಲಿ ಅಂಥದ್ದು ಹಿಂದೆ ನೆನೆಯಲೂ ಆಗದ ಮಾತು. ಈ ಯಾವುದಕ್ಕೂ ರಕ್ಷಣೆ ಇರಲಿಲ್ಲ. ಇದ್ದದ್ದು ಎಣಿಕೆಗೆ ಸಿಗುವ ನೋಡುಗರು. ಜಾವನೀಸ್ ಹಾಡನ್ನು ಇಷ್ಟು ಜನ ನೋಡುತ್ತಾರೆಂದು ಯೂಟ್ಯೂಬ್ ಎಣಿಸಿ ತೋರಿಸಿದ ದಿನ ಜಕಾರ್ತಾದ ನಿರ್ಮಾಪಕರು ಆ ಭಾಷೆಯನ್ನು ಕೆಲಸದವಳ ಪಾತ್ರದಿಂದ ಆಚೆ ತಂದರು.

ನಮ್ಮಲ್ಲೂ ಇದು ನಡೆಯುತ್ತಿದೆ, ಆದರೆ ಬೆಂಗಳೂರಿನ ಕಣ್ಣು ತಪ್ಪಿಸಿ. ಕನ್ನಡ ಸಿನಿಮಾದಲ್ಲಿ ಉತ್ತರ ಕರ್ನಾಟಕದ ಮಾತು ದಶಕಗಳ ಕಾಲ ಇದ್ದದ್ದು ಜಕಾರ್ತಾದಲ್ಲಿ ಜಾವನೀಸ್ ಇದ್ದ ಜಾಗದಲ್ಲೇ: ನಗಿಸುವವನ ಬಾಯಲ್ಲಿ. ಆ ಸೀಮೆಯ ಶಿವಪುತ್ರ ಯಶಾರಧಾ, ಮಲ್ಲು ಜಮಖಂಡಿ ಮೊದಲಾದವರು ಯೂಟ್ಯೂಬಿನಲ್ಲಿ ತಮ್ಮ ಮಾತಿನಲ್ಲೇ ಕಿರುನಾಟಕ ಮಾಡಿ ಗಳಿಸಿದ ನೋಡುಗರ ಸಂಖ್ಯೆ ಎಷ್ಟೋ ಕನ್ನಡ ಸಿನಿಮಾಗಳಿಗೆ ಸಿಗುವುದಿಲ್ಲ. ಅಲ್ಲಿನ ಜಾನಪದ ಹಾಡುಗಳ ವಿಡಿಯೊಗಳು ಜಾತ್ರೆಯ ಡಿಜೆಯಿಂದ ಹಿಡಿದು ಟ್ರ್ಯಾಕ್ಟರಿನ ಸ್ಪೀಕರಿನವರೆಗೆ ಹಬ್ಬಿವೆ. ದಕ್ಷಿಣದಲ್ಲಿ ‘ಡಾ. ಬ್ರೋ’ ಎಂದೇ ಗೊತ್ತಿರುವ ಗಗನ್ ದೇಶದೇಶ ತಿರುಗಿ ಬೆಂಗಳೂರು ಸುತ್ತಲಿನ ಆಡುಮಾತಿನಲ್ಲಿ ಅಫ್ಘಾನಿಸ್ತಾನವನ್ನೂ ಆಫ್ರಿಕವನ್ನೂ ತೋರಿಸಿದಾಗ, ಹಿಂದಿ ಇಂಗ್ಲಿಷ್ ಪ್ರವಾಸ ವಿಡಿಯೊಗಳನ್ನು ನೋಡುತ್ತಿದ್ದ ಜನವೇ ಕನ್ನಡದ್ದಕ್ಕೆ ಮುಗಿಬಿದ್ದರು. ಪರಮೇಶ್ವರ್ ಅವರ ‘ಕಲಾಮಾಧ್ಯಮ’ ಹಳೆಯ ಕಲಾವಿದರನ್ನು ಗಂಟೆಗಟ್ಟಲೆ ಮಾತಾಡಿಸುತ್ತದೆ. ಅಷ್ಟು ಉದ್ದದ ಸಂದರ್ಶನವನ್ನು ಯಾವ ಟಿವಿ ವಾಹಿನಿಯೂ ಹಾಕುವ ಧೈರ್ಯ ಮಾಡುತ್ತಿರಲಿಲ್ಲ. ನೇರಳೆ ಮಾರ್ಗದ ಮೆಟ್ರೊದಲ್ಲಿ ಅತ್ತಿಗುಪ್ಪೆಯಿಂದ ಕೆಂಗೇರಿಯವರೆಗೆ ತಲೆ ತಗ್ಗಿಸಿ ಕೂತವರ ಕೈಯಲ್ಲಿರುವುದು ಹೆಚ್ಚಾಗಿ ಇಂಥವೇ ತುಣುಕುಗಳು. ಸರಿಯಾಗಿ ಕೊಟ್ಟರೆ ಕನ್ನಡದಲ್ಲಿ ನೋಡುವ ಜನ ಇದ್ದಾರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಹಾಗಿದ್ದೂ ಯೂಟ್ಯೂಬಿನ ನೋಡುಗ ಒಟಿಟಿಯ ಚಂದಾದಾರನಾಗಿ ಲೆಕ್ಕಕ್ಕೆ ಬರುತ್ತಿಲ್ಲ ಎಂಬುದು ನಿಜ. ಪುಕ್ಕಟೆ ನೋಡುವವನು ಹಣ ಕೊಟ್ಟೂ ನೋಡುತ್ತಾನೆಂದು ಯಾವ ಖಾತರಿ ಎಂದು ವೇದಿಕೆಗಳು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಜಾಹೀರಾತಿನ ದರವೂ ಕನ್ನಡಕ್ಕೆ ಇಂಗ್ಲಿಷಿನಷ್ಟು ಸಿಗುವುದಿಲ್ಲ. ಇಂಡೋನೇಷ್ಯಾದಲ್ಲಿ ಟಿಕ್‌ಟಾಕ್ ಉಳಿದು ಅದರೊಳಗೇ ಅಂಗಡಿ ತೆರೆಯಿತು. 2023ರ ಅಕ್ಟೋಬರಿನಲ್ಲಿ ಸರ್ಕಾರ ಆ ಅಂಗಡಿ ಮುಚ್ಚಿಸಿದರೂ ಡಿಸೆಂಬರಿನಲ್ಲೇ ತೊಕೊಪಿಡಿಯಾ ಎಂಬ ಅಲ್ಲಿನ ಕಂಪನಿಯ ಜೊತೆ ಸೇರಿ ಮತ್ತೆ ತೆರೆಯಿತು. ವಿಡಿಯೊ ಮಾಡುವವರಿಗೆ ಅದೊಂದು ದುಡಿಮೆಯ ದಾರಿ. ನಮ್ಮಲ್ಲಿ 2020ರ ಜೂನ್ 29ಕ್ಕೆ ಟಿಕ್‌ಟಾಕ್ ನಿಂತು, ರೀಲ್ಸ್ ಮತ್ತು ಶಾರ್ಟ್ಸ್ ಅದರ ಜಾಗಕ್ಕೆ ಬಂದವು. ವಿಜಯನಗರದ ಸೀರೆ ಅಂಗಡಿಗಳೂ ಅದರಲ್ಲೇ ಸೆರಗು ಹರವುತ್ತವೆ. ದುಡ್ಡಿನ ವಿಷಯದಲ್ಲಿ ನಾವು ಹಿಂದಿದ್ದೇವೆ, ಒಪ್ಪಿದೆ. ಜನಸಂಖ್ಯೆ ಕಡಿಮೆ ಎಂಬ ನೆಪ ಮಾತ್ರ ನಿಲ್ಲುವುದಿಲ್ಲ. ಮಲಯಾಳಂ ಮಾತೃಭಾಷೆಯವರು 2011ರಲ್ಲಿ 3.48 ಕೋಟಿ, ನಮಗಿಂತ ಸುಮಾರು ತೊಂಬತ್ತು ಲಕ್ಷ ಕಡಿಮೆ. ಆದರೂ ಒಟಿಟಿಗಳು ಆ ಭಾಷೆಯ ಹಿಂದೆ ಬಿದ್ದಿವೆ. ಅವರೂ ತಮಿಳು ಬಲ್ಲವರೇ, ಅವರಲ್ಲೂ ಕೊಲ್ಲಿ ದೇಶಗಳಿಗೆ ಹೋಗಿ ಹತ್ತು ಭಾಷೆ ಕಲಿತವರಿದ್ದಾರೆ. ಆದರೆ ಸ್ಟಾರ್ ಪ್ಲಸ್‌ನ ಅದೇ ‘ಮಹಾಭಾರತ’ ಏಷ್ಯಾನೆಟ್‌ನಲ್ಲಿ ಮಲಯಾಳಂ ಆಗಿಯೇ ಬಂದಿತ್ತು. ಎಲ್ಲ ಬಗೆಯ ಕಥೆಯೂ ತಮ್ಮ ಭಾಷೆಯಲ್ಲಿ ಸಿಗಬೇಕೆಂಬ ನಿರೀಕ್ಷೆ ಆ ನೋಡುಗರಲ್ಲಿ ಮುರಿದಿರಲಿಲ್ಲ.

ಇಷ್ಟರ ಹಿನ್ನೆಲೆಯಲ್ಲಿ ರಾಜ್ಯ ಸರ್ಕಾರದ ಹೊಸ ಯೋಜನೆಯನ್ನು ನೋಡಬೇಕು. 2025ರ ಮಾರ್ಚಿನ ಬಜೆಟ್ಟಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಕನ್ನಡ ಚಿತ್ರಗಳಿಗಾಗಿ ಸರ್ಕಾರಿ ಒಟಿಟಿ ವೇದಿಕೆಯ ಮಾತಾಡಿದರು. ಕೇರಳ ಅದಕ್ಕೂ ಒಂದು ವರ್ಷ ಮೊದಲು ‘ಸಿ ಸ್ಪೇಸ್’ ಶುರು ಮಾಡಿತ್ತು, ನೋಡಿದ್ದಕ್ಕಷ್ಟೇ ಹಣ ಕೊಡುವ ಏರ್ಪಾಡಿನಲ್ಲಿ. ಬೇರೆಲ್ಲೂ ಮಾರಾಟವಾಗದ ಚಿತ್ರಗಳನ್ನು ಪೇರಿಸಿಡುವ ಉಗ್ರಾಣವಾಗಿಬಿಟ್ಟರೆ ಈ ವೇದಿಕೆ ಸಹಾಯಧನದ ಇನ್ನೊಂದು ಶಾಖೆಯಾಗುತ್ತದೆ, ಕಂಠೀರವ ಸ್ಟುಡಿಯೋ ಕಟ್ಟಿದ ಕಾಲದ ರಕ್ಷಣೆಯ ಯೋಚನೆಯೇ ಮೊಬೈಲಿಗೆ ಇಳಿದಂತಾಗುತ್ತದೆ. ಅದರಿಂದ ಆಗಬಹುದಾದ ಉಪಕಾರ ಬೇರೆ ಇದೆ. ಯಾವ ಚಿತ್ರವನ್ನು ಎಷ್ಟು ಜನ, ಯಾವ ಜಿಲ್ಲೆಯಿಂದ, ಎಷ್ಟು ಹೊತ್ತು ನೋಡಿದರೆಂಬ ಲೆಕ್ಕವನ್ನು ಖಾಸಗಿ ಒಟಿಟಿಗಳು ಗುಟ್ಟಾಗಿಡುತ್ತವೆ. ಸರ್ಕಾರಿ ವೇದಿಕೆ ಪ್ರತಿ ತಿಂಗಳು ಅದನ್ನು ಬಹಿರಂಗಪಡಿಸಬಹುದು. ವಿಜಯಪುರದವನ ಕನ್ನಡದ ಚಿತ್ರಕ್ಕೂ ಕುಂದಾಪುರದ ಮಾತಿನ ಚಿತ್ರಕ್ಕೂ ಸಮನಾಗಿ ಜಾಗ ಕೊಟ್ಟು, ‘ಯೊವಿಸ್ ಬೆನ್’ ಮಾಡಿದಂತೆ ಬೆಂಗಳೂರಿನವನಿಗೆ ಅರ್ಥವಾಗದ ಕಡೆ ಕನ್ನಡದ್ದೇ ಸಬ್‌ಟೈಟಲ್ ಹಾಕಬಹುದು. ಹೊರಗಿನ ಒಳ್ಳೆಯ ಸಾಕ್ಷ್ಯಚಿತ್ರ, ಮಕ್ಕಳ ಚಿತ್ರಗಳನ್ನು ಕನ್ನಡದ ಒಳ್ಳೆಯ ಬರಹಗಾರರಿಂದ, ಒಳ್ಳೆಯ ಕಂಠದಾನ ಕಲಾವಿದರಿಂದ ಡಬ್ ಮಾಡಿಸಿದರೆ, ಯಂತ್ರವೇ ಡಬ್ ಮಾಡಿ ಒಪ್ಪಿಸುವ ಈ ದಿನಗಳಲ್ಲಿ ಕನ್ನಡದ ಡಬ್ಬಿಂಗ್ ಹೇಗಿರಬೇಕೆಂಬುದಕ್ಕೆ ಮಾದರಿಯಾದರೂ ಸಿಕ್ಕೀತು. ಚಲನಚಿತ್ರ ವಾಣಿಜ್ಯ ಮಂಡಳಿ ಈ ಕೊನೆಯ ಮಾತಿಗೆ ಒಪ್ಪುವುದು ಕಷ್ಟ. ಆದರೆ ಹಣಕೊಟ್ಟು ನೋಡುವ ಕನ್ನಡಿಗ ಎಷ್ಟಿದ್ದಾನೆ, ಎಲ್ಲಿದ್ದಾನೆ ಎಂಬ ಲೆಕ್ಕ ಕೈಗೆ ಸಿಕ್ಕರೆ ಮುಂದಿನ ‘ಏಕಂ’ ಮಾಡುವವರು ಅದನ್ನು ಹಿಡಿದುಕೊಂಡೇ ಮುಂಬೈಗೆ ಹೋಗಬಹುದು.